ಮರದ ಗೋಡೆಯ ಜನ್ಮಸಂವತ್ಸರ

ಇಂಗ್ಲೆಂಡಿನ ಎಸೆಕ್ಸ್ ಪ್ರಾಂತದಲ್ಲಿ, ಲಂಡನ್ ನಗರಕ್ಕೆ ಈಶಾನ್ಯದಲ್ಲಿ, ಚಿಪಿಂಗ್ ಆಂಗರ್ ಎಂಬುದೊಂದು ಚಿಕ್ಕ ಪೇಟೆ. ಅಲ್ಲಿಂದ ಪಶ್ಚಿಮಾಭಿಮುಖವಾಗಿ ಸುಮಾರು ಒಂದು ಮೈಲಿ ನಡೆದರೆ ಗ್ರೀನ್‌ಸ್ಟೆಡ್ ಎಂಬ ಹಳ್ಳಿಯ ಚರ್ಚು ಎದುರಾಗುತ್ತದೆ. ಸಂತ ಆಂಡ್ರ್ಯೂವಿನ ಹೆಸರಿನಲ್ಲಿರುವ ಈ ಚರ್ಚನ್ನು ದೂರದಿಂದ ನೋಡಿದವರಿಗೆ ಅದರಲ್ಲಿ ಹೆಚ್ಚಿನ ವಿಶೇಷವೇನೂ ತೋರದು. ಪಶ್ಚಿಮದ ತುದಿಯಲ್ಲಿ ಹಲಗೆ ಹೊದಿಸಿ ಬಿಳಿಯ ಬಣ್ಣ ಬಳಿದ ಗಿಡ್ಡ ಗೋಪುರ. ಪೂರ್ವದ ತುದಿಯಲ್ಲಿ ಇಟ್ಟಿಗೆಯ ಕೋಣೆ. ಇವೆರಡರ ನಡುವೆ ಹೆಂಚಿನ ಇಳಿಜಾರು ಮಾಡು, ಆ ಮಾಡಿನಲ್ಲಿ ಬೆಳಕಿಗಾಗಿ ಎಬ್ಬಿಸಿದ ಕಿಟಕಿಗಳು. ನಮ್ಮ ಗುಡಿಗಳಲ್ಲಿ ಗರ್ಭಗೃಹ ಮತ್ತು ನವರಂಗ ಎಂಬ ವಿಭಾಗವಿದ್ದಂತೆ ಇಂಗ್ಲೆಂಡಿನ ಹಳ್ಳಿಯ ಚರ್ಚುಗಳಲ್ಲಿಯೂ ಪೂಜಾಪೀಠವಿರುವ ಪೂರ್ವಭಾಗವೊಂದು, ಜನರು ಕುಳಿತು ಪ್ರಾರ್ಥಿಸುವ ನಡುಭಾಗವೊಂದು ಇರುತ್ತವೆ. ಗ್ರೀನ್‌ಸ್ಟೆಡ್ಡಿನ ಹೆಸರು ಗ್ರಂಥಗಳಲ್ಲಿ ಬರುವುದಕ್ಕೆ ಕಾರಣ ಈ ನಡುಭಾಗದ ಗೋಡೆ.

ಆ ಗೋಡೆ ಕಲ್ಲಿನದಲ್ಲ, ಇಟ್ಟಿಗೆಯದೂ ಅಲ್ಲ. ಓಕ್ ಮರದ ದಿಮ್ಮಿಗಳನ್ನು ಉದ್ದಕ್ಕೆ ಸೀಳಿ, ಸೀಳಿದ ಚಪ್ಪಟೆ ಮೈ ಒಳಗೂ ಗುಂಡು ಮೈ ಹೊರಗೂ ಬರುವಂತೆ ಒಂದರ ಪಕ್ಕದಲ್ಲೊಂದನ್ನು ನೆಟ್ಟಗೆ ನಿಲ್ಲಿಸಿ ಮಾಡಿದ ಗೋಡೆ. ಇಂತಹ ದಿಮ್ಮಿಗಳು ೫೧ ಇವೆ. ಪಕ್ಕಪಕ್ಕದ ದಿಮ್ಮಿಗಳ ಅಂಚಿನಲ್ಲಿ ಉದ್ದಕ್ಕೂ ತೋಡು ಕೊರೆದು, ಎರಡು ತೋಡುಗಳಿಗೂ ಸೇರುವಂತೆ ತೆಳುವಾದ ಓಕ್ ಪಟ್ಟಿಯನ್ನು ಇಳಿಸಿದ್ದಾರೆ. ಆದುದರಿಂದ ಗಾಳಿಮಳೆಗಳು ಸಂದಿನಲ್ಲಿ ಒಳನುಗ್ಗುವಂತಿಲ್ಲ. ಮೈಮೇಲೆ ಬಾಚಿಯ ಏಟಿನ ಗುರುತುಗಳು ಈಗಲೂ ಕಾಣುತ್ತವೆ. ಶತಮಾನಗಳ ಬಿಸಿಲುಮಳೆಗೆ ಮರವು ಕಪ್ಪಗಾಗಿ ಬಿರಿದಿದೆ. ಇದು ಜಗತ್ತಿನಲ್ಲಿ ಇಂದಿಗೂ ನಿಂತಿರುವ ಮರದ ಚರ್ಚುಗಳಲ್ಲೆಲ್ಲ ಅತ್ಯಂತ ಹಳೆಯದೆಂದು ಪ್ರಸಿದ್ಧವಾಗಿದೆ. ಮರದ ಚರ್ಚುಗಳಿಗೆ ಹೆಸರಾದ ನಾರ್ವೆ ದೇಶದಲ್ಲಿ ಈಗ ಉಳಿದಿರುವವು ಹನ್ನೆರಡನೆಯ ಶತಮಾನಕ್ಕೂ ಅನಂತರದ ಕಾಲಕ್ಕೂ ಸೇರಿದವು.

ಒಂದು ಕಾಲದಲ್ಲಿ ಇಂಗ್ಲೆಂಡಿನ ಹಳ್ಳಿಗಳಲ್ಲಿ ಮರದ ಚರ್ಚುಗಳೇ ಹೇರಳವಾಗಿದ್ದವು. ಆಂಗ್ಲೋ-ಸ್ಯಾಕ್ಸನ್ ಜನರ ಭಾಷೆಯಲ್ಲಿ 'ಕಟ್ಟು' ಎಂಬ ಅರ್ಥಕ್ಕೆ 'ಟಿಂಬ್ರಾನ್' ಎಂಬ ಕ್ರಿಯಾಪದವಿತ್ತು. ಇಂದಿನ ಇಂಗ್ಲಿಷಿನ 'ಟಿಂಬರ್' ಶಬ್ದದ ದಾಯಾದಿ ಅದು. ಕಟ್ಟುವುದೆಂದರೆ ಮರದಿಂದ ಕಟ್ಟುವುದೇ ಎಂದು ಆ ಜನರು ತಿಳಿದಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ೧೦೬೬ರಲ್ಲಿ ನಾರ್ಮಂಡಿಯ ವಿಲಿಯಮನು ಹೇಸ್ಟಿಂಗ್ಸ್ ಕದನದಲ್ಲಿ ಗೆದ್ದು ಇಂಗ್ಲೆಂಡಿನ ದೊರೆಯಾದ ಬಳಿಕ, ಹೊಸ ಒಡೆಯರ ಕಾಲದಲ್ಲಿ ಊರೂರುಗಳಲ್ಲಿ ಕಲ್ಲಿನ ಚರ್ಚುಗಳು ಎದ್ದವು. ಹಳೆಯ ಮರದ ಕಟ್ಟಡಗಳು ಕೆಲವು ಕೊಳೆತು ಬಿದ್ದವು, ಕೆಲವು ಸುಟ್ಟುಹೋದವು, ಹಲವನ್ನು ಜನರೇ ಕೆಡವಿದರು. ಎಸೆಕ್ಸಿನಲ್ಲಿ ಕಟ್ಟಡಕ್ಕೆ ಯೋಗ್ಯವಾದ ಕಲ್ಲು ಸಿಗುವುದು ಕಷ್ಟ. ಗ್ರೀನ್‌ಸ್ಟೆಡ್ಡು ಸಿರಿವಂತರ ಊರೂ ಆಗಿರಲಿಲ್ಲ. ಹಣವಿದ್ದ ಊರುಗಳು ಹಳೆಯದನ್ನು ಕೆಡವಿ ಹೊಸದನ್ನು ಕಟ್ಟಿಕೊಂಡವು. ಈ ಊರು ಇದ್ದುದನ್ನೇ ಉಳಿಸಿಕೊಂಡಿತು. ಪುರಾತನ ವಸ್ತುಗಳು ಉಳಿದುಬರುವುದಕ್ಕೆ ಬಡತನವು ಎಷ್ಟು ಸಲ ಕಾರಣವಾಗಿದೆಯೆಂಬುದನ್ನು ಯಾರಾದರೂ ಲೆಕ್ಕ ಹಾಕಿದರೆ ಒಳ್ಳೆಯದು.

ಆದರೂ ಮೂಲರೂಪವು ಹಾಗೆಯೇ ಉಳಿಯಲಿಲ್ಲ. ೧೫೦೦ರ ಸುಮಾರಿಗೆ ಪೂರ್ವಭಾಗವನ್ನು ಇಟ್ಟಿಗೆಯಿಂದ ಹೊಸದಾಗಿ ಕಟ್ಟಿದರು. ಗೋಪುರದ ಘಂಟೆಯ ಮೇಲೆ ೧೬೧೮ ಎಂಬ ಇಸವಿ ಇದೆ. ಹತ್ತೊಂಬತ್ತನೆಯ ಶತಮಾನದ ನಡುಗಾಲಕ್ಕೆ ದಿಮ್ಮಿಗಳ ಬುಡವು ಕೊಳೆತುಹೋಗಿತ್ತು. ೧೮೪೮ರ ಜೀರ್ಣೋದ್ಧಾರದಲ್ಲಿ ಆ ಕೊಳೆತ ಬುಡಗಳನ್ನು ಕತ್ತರಿಸಿ, ಇಟ್ಟಿಗೆಯ ಕಟ್ಟೆ ಕಟ್ಟಿ, ಅದರ ಮೇಲೆ ಹೊಸ ಓಕ್ ತೊಲೆಯನ್ನು ಹಾಸಿ, ಹಳೆಯ ದಿಮ್ಮಿಗಳನ್ನು ಅದರ ಮೇಲೆ ನಿಲ್ಲಿಸಿದರು. ಗೋಡೆ ಉಳಿಯಿತು, ಆದರೆ ದಿಮ್ಮಿಗಳು ಮೊದಲು ನೆಲದೊಡನೆ ಹೇಗೆ ಕೂಡಿದ್ದವೆಂಬುದನ್ನು ಹೇಳಬಹುದಾಗಿದ್ದ ಭಾಗವು ಗರಗಸಕ್ಕೆ ಸಿಕ್ಕಿ ಹೋಯಿತು.

ಇದಕ್ಕೆ ಕೆಲವೇ ವರ್ಷಗಳ ಹಿಂದೆ, ೧೮೩೯ರಲ್ಲಿ, ಇದೇ ಚರ್ಚಿನಲ್ಲಿ ಒಂದು ಮದುವೆ ನಡೆಯಿತು. ವರನ ಹೆಸರು ಜೇಮ್ಸ್ ಬ್ರೈನ್. ಕೂಲಿಯ ದರ ಇಳಿಯುತ್ತಿದ್ದುದನ್ನು ತಡೆಯಲು ಸಂಘ ಕಟ್ಟಿಕೊಂಡು, ರಹಸ್ಯವಾಗಿ ಪ್ರತಿಜ್ಞೆ ಮಾಡಿದರೆಂಬ ಅಪರಾಧಕ್ಕಾಗಿ ಡಾರ್ಸೆಟ್ ಪ್ರಾಂತದ ಟಾಲ್ಪಡಲ್ ಹಳ್ಳಿಯ ಆರು ಮಂದಿ ಕೃಷಿ ಕಾರ್ಮಿಕರಿಗೆ ೧೮೩೪ರಲ್ಲಿ ಏಳು ವರ್ಷಗಳ ದೇಶಾಂತರ ಶಿಕ್ಷೆಯಾಗಿತ್ತು. ಅವರನ್ನು ಆಸ್ಟ್ರೇಲಿಯಕ್ಕೆ ಸಾಗಿಸಿದ್ದರು. ದೇಶದಲ್ಲೆಲ್ಲ ಕೋಲಾಹಲವೆದ್ದುದರಿಂದ ೧೮೩೬ರಲ್ಲಿ ಕ್ಷಮಾದಾನ ದೊರೆಯಿತು. ಮರಳಿ ಬಂದವರಿಗೆ ಗ್ರೀನ್‌ಸ್ಟೆಡ್ಡಿನಲ್ಲಿಯೂ ನೆರೆಯ ಹೈ ಲೇವರ್ ಎಂಬಲ್ಲಿಯೂ ಗೇಣಿಗೆ ಹೊಲಗಳನ್ನು ಕೊಡಿಸಲಾಯಿತು. ಆ ಆರು ಮಂದಿಯಲ್ಲಿ ಒಬ್ಬನಾದ ಬ್ರೈನನು ಮತ್ತೊಬ್ಬನಾದ ಥಾಮಸ್ ಸ್ಟ್ಯಾಂಡ್‌ಫೀಲ್ಡನ ಮಗಳು ಎಲಿಜಬೆತ್ತಳನ್ನು ಇಲ್ಲಿ ಕೈಹಿಡಿದನು. ಮುಂದೆ ಅವರು ಕೆನಡಕ್ಕೆ ಹೋಗಿ ನೆಲಸಿದರು. ಇಂತಹ ಘಟನೆಗಳ ಕಾಲವನ್ನು ತಿಳಿಯಲು ಚರ್ಚಿನ ದಾಖಲೆ ಪುಸ್ತಕವಿದೆ, ತೆರೆದು ಓದಿದರಾಯಿತು. ಗೋಡೆಯು ಯಾವಾಗ ಎದ್ದಿತೆಂಬುದನ್ನು ಬರೆದಿಟ್ಟ ಪುಸ್ತಕ ಮಾತ್ರ ಇಲ್ಲ. ಅದನ್ನು ಮರದಿಂದಲೇ ಕೇಳಿ ತಿಳಿಯಬೇಕು.

ಮರವನ್ನು ಕೇಳುವ ಮೊದಲು ಜನರು ನಂಬಿದ್ದುದನ್ನು ಹೇಳಬೇಕು. ಪೂರ್ವ ಆಂಗ್ಲಿಯ ಸೀಮೆಯ ದೊರೆಯಾದ ಎಡ್ಮಂಡನನ್ನು ೮೬೯ರಲ್ಲಿ ಡೇನರು ಕೊಂದರು. ಕಡಿದೆಸೆದ ಅವನ ತಲೆಯನ್ನು ತೋಳವೊಂದು ಕಾದಿತ್ತೆಂಬ ಕತೆ ಹುಟ್ಟಿತು. ಅವನು ಸಂತನೆಂದು ಪೂಜೆಗೊಂಡನು. ಒಂದೂವರೆ ಶತಮಾನದ ತರುವಾಯ ಡೇನರ ದಾಳಿ ಮತ್ತೆ ಬಲವಾದಾಗ ಭಕ್ತರು ಅವನ ದೇಹವನ್ನು ಬರಿ ಎಂಬ ಊರಿನಿಂದ ಲಂಡನ್ನಿಗೆ ಒಯ್ದು, ೧೦೧೩ರಲ್ಲಿ ಮರಳಿ ತಂದರು. ದಾರಿಯಲ್ಲಿ ಆಂಗರ್ ಬಳಿ ಅದು ತಂಗಿತ್ತೆಂದೂ, ಅಲ್ಲಿ ಅದರ ನೆನಪಿಗೆ ಮರದ ಗುಡಿಯೊಂದು ಇದೆಯೆಂದೂ ಬರಿ ಮಠದ ಹಳೆಯ ಹಸ್ತಪ್ರತಿಯೊಂದು ಹೇಳುತ್ತದೆ. ಆ ಮರದ ಗುಡಿ ಗ್ರೀನ್‌ಸ್ಟೆಡ್ಡಿನದೇ ಎಂದು ಊರವರೂ ವಿದ್ವಾಂಸರಲ್ಲಿ ಅನೇಕರೂ ಭಾವಿಸಿದರು. ಚರ್ಚಿನೊಳಗಿನ ತೊಲೆಯೊಂದರಲ್ಲಿ ತೋಳವು ತಲೆಯನ್ನು ಕಾಯುತ್ತಿರುವ ಕೆತ್ತನೆಯೂ ಇದೆ.

೧೯೬೦ರಲ್ಲಿ ಈ ದಿಮ್ಮಿಗಳ ಪರೀಕ್ಷೆ ನಡೆಯಿತು. ವೃಕ್ಷವಲಯಗಳ ಆಧಾರದಿಂದ ಕ್ರಿ.ಶ. ೮೪೫ರ ಸುಮಾರು ಎಂಬ ಉತ್ತರ ಬಂದಿತು. ಎಡ್ಮಂಡನು ಜೀವಂತನಾಗಿದ್ದಾಗಲೇ ಗೋಡೆ ಎದ್ದಿತ್ತು, ಅವನ ದೇಹವು ಬಂದಾಗ ಅದಕ್ಕೆ ೧೬೮ ವರ್ಷ ವಯಸ್ಸು ಎಂದಾಯಿತು. ವಿಜ್ಞಾನವೂ ಐತಿಹ್ಯವೂ ಕೈಕುಲುಕಿದಂತಾಯಿತು. ಮಾರ್ಗದರ್ಶಿ ಪುಸ್ತಕಗಳಲ್ಲಿ ೮೪೫ ಎಂಬ ಅಂಕೆ ಅಚ್ಚಾಯಿತು. ೩೫ ವರ್ಷಗಳ ಮೇಲೆ, ೧೯೯೫ರಲ್ಲಿ, ಪುನಃ ಪರೀಕ್ಷೆ ನಡೆಯಿತು. ಈ ಸಲದ ಉತ್ತರವೇ ಬೇರೆ: ದಿಮ್ಮಿಗಳಲ್ಲಿ ಉಳಿದಿರುವ ಕೊನೆಯ ವಲಯ ೧೦೫೩ನೆಯ ಇಸವಿಯದು, ಮರಗಳನ್ನು ಕಡಿದುದು ೧೦೬೩ಕ್ಕೂ ೧೧೦೮ಕ್ಕೂ ನಡುವೆ. ಒಂದೇ ಗೋಡೆ, ಒಂದೇ ವಿಧಾನದ ಹೆಸರು. ಆದರೆ ಎರಡು ಉತ್ತರಗಳ ನಡುವೆ ಎರಡು ಶತಮಾನಗಳಿಗೂ ಮಿಕ್ಕಿದ ಅಂತರ. ಇಷ್ಟು ದೊಡ್ಡ ವ್ಯತ್ಯಾಸ ಬಂದಾಗ ವಾಚಕರು ವಿಧಾನವನ್ನೇ ಶಂಕಿಸುವುದು ಸಹಜ. ಆದುದರಿಂದ ಆ ವಿಧಾನವನ್ನು ತುಸು ವಿವರವಾಗಿಯೇ ನೋಡೋಣ.

ಬಡಗಿಯ ಅಂಗಳದಲ್ಲಿ ಅಡ್ಡಕ್ಕೆ ಕೊಯ್ದ ತೇಗದ ದಿಮ್ಮಿಯನ್ನು ನೋಡಿದವರಿಗೆ ಅದರ ಮುಖದ ಮೇಲಿನ ಉಂಗುರಗಳು ಪರಿಚಿತವೇ. ಓಕ್ ಮರದಲ್ಲಿಯೂ ಹಾಗೆಯೇ. ವಸಂತದಲ್ಲಿ ಚಿಗುರುವಾಗ ಮರವು ನೀರನ್ನು ಬೇಗ ಮೇಲಕ್ಕೆ ಸಾಗಿಸಲು ದೊಡ್ಡ ದೊಡ್ಡ ನಾಳಗಳನ್ನು ಬೆಳೆಸುತ್ತದೆ. ಬೇಸಿಗೆಯಲ್ಲಿ ಗಟ್ಟಿಯಾದ ದಟ್ಟ ಮರವನ್ನು ಬೆಳೆಸುತ್ತದೆ. ಚಳಿಗಾಲದಲ್ಲಿ ಬೆಳವಣಿಗೆ ನಿಲ್ಲುತ್ತದೆ. ಮರುವರ್ಷ ಮತ್ತೆ ದೊಡ್ಡ ನಾಳಗಳ ಸಾಲು. ಹೀಗೆ ವರ್ಷಕ್ಕೊಂದು ವಲಯ. ಮಳೆಬೆಳಕುಗಳು ಹದವಾಗಿದ್ದ ವರ್ಷ ವಲಯ ಅಗಲ. ಬರ ಬಂದ ವರ್ಷ ಕಿರಿದು. ನಮ್ಮ ಹಿಂದಿನ ತಲೆಮಾರಿನ ಹಿರಿಯರು ತಮ್ಮ ಹುಟ್ಟನ್ನು ಧಾತು-ಈಶ್ವರ ಸಂವತ್ಸರಗಳ ಬರದಿಂದ ಎಣಿಸಿ ಹೇಳುತ್ತಿದ್ದರಷ್ಟೆ. ಮರವೂ ಬರವನ್ನು ತನ್ನ ಮೈಯಲ್ಲಿ ಬರೆದಿಟ್ಟುಕೊಳ್ಳುತ್ತದೆ.

ವಲಯಗಳನ್ನು ಎಣಿಸಿದರೆ ಮರದ ವಯಸ್ಸು ತಿಳಿಯುವುದೆಂಬುದು ಬಹು ಹಳೆಯ ಮಾತು. ಆದರೆ ಎಂದೋ ಕಡಿದ ಮರದಲ್ಲಿ ನೂರು ವಲಯಗಳಿದ್ದರೆ ಅದು ನೂರು ವರ್ಷ ಬೆಳೆಯಿತೆಂದು ತಿಳಿಯಿತೇ ಹೊರತು, ಆ ನೂರು ವರ್ಷಗಳು ಯಾವುವೆಂದು ತಿಳಿಯಲಿಲ್ಲ. ಈ ತೊಡಕನ್ನು ಬಿಡಿಸಿದವನು ಸಸ್ಯವಿಜ್ಞಾನಿಯಲ್ಲ, ಖಗೋಳವಿಜ್ಞಾನಿ. ಅಮೆರಿಕದ ಅರಿಜೋನದಲ್ಲಿದ್ದ ಎ. ಇ. ಡಗ್ಲಸ್ ಎಂಬಾತನಿಗೆ ಸೂರ್ಯನ ಕಲೆಗಳಲ್ಲಿ ಆಸಕ್ತಿ. ಸುಮಾರು ೧೧ ವರ್ಷಗಳಿಗೊಮ್ಮೆ ಅವು ಹೆಚ್ಚಿ ತಗ್ಗುತ್ತವೆ. ಇದರ ಪರಿಣಾಮ ಭೂಮಿಯ ಹವೆಯ ಮೇಲೆ ಆಗುವುದಾದರೆ ಹಳೆಯ ಮರಗಳಲ್ಲಿ ಅದರ ಗುರುತು ಸಿಗಬೇಕೆಂದು ಅವನು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಲಯಗಳನ್ನು ಅಳೆಯತೊಡಗಿದನು. ಸೂರ್ಯನ ಚರಿತ್ರೆಯನ್ನು ಹುಡುಕಲು ಹೊರಟವನಿಗೆ ಮನುಷ್ಯನ ಚರಿತ್ರೆಯ ಕೀಲಿಕೈ ದೊರಕಿತು. ಒಂದು ಪ್ರದೇಶದ ಮರಗಳೆಲ್ಲವೂ ಒಂದೇ ಹವೆಯನ್ನು ಉಂಡು ಬೆಳೆಯುವುದರಿಂದ ಅವುಗಳ ಅಗಲ-ಕಿರಿದಿನ ಕ್ರಮವೂ ಬಹುಮಟ್ಟಿಗೆ ಒಂದೇ ಎಂಬುದನ್ನು ಅವನು ಕಂಡನು. ಇಂದು ಬದುಕಿರುವ ಮರದ ಒಳವಲಯಗಳ ಕ್ರಮವು ಹಳೆಯ ಮನೆಯ ತೊಲೆಯ ಹೊರವಲಯಗಳ ಕ್ರಮಕ್ಕೆ ಹೊಂದಿದರೆ ತೊಲೆಯ ಕಾಲ ತಿಳಿಯಿತು; ಆ ತೊಲೆಯ ಒಳವಲಯಗಳಿಗೆ ಇನ್ನೂ ಹಳೆಯ ತೊಲೆಯೊಂದು ಹೊಂದಿದರೆ ಸರಪಣಿ ಮತ್ತೂ ಹಿಂದಕ್ಕೆ ಹೋಯಿತು. ೧೯೨೯ರಲ್ಲಿ ಅರಿಜೋನದ ಶೋ ಲೋ ಎಂಬಲ್ಲಿ ದೊರೆತ ಸುಟ್ಟ ತೊಲೆಯ ತುಂಡೊಂದು ಅವನ ಸರಪಣಿಯಲ್ಲಿ ಕಡಿದುಹೋಗಿದ್ದ ಕೊಂಡಿಯನ್ನು ಬೆಸೆಯಿತು. ಅಲ್ಲಿನ ಮೂಲನಿವಾಸಿಗಳ ಪಾಳುಬಿದ್ದ ಮಹಾಗೃಹಗಳಿಗೆ ಒಮ್ಮೆಲೇ ಇಸವಿಗಳು ಪ್ರಾಪ್ತವಾದವು.

ಈ ಸರಪಣಿಯನ್ನು ಪ್ರತಿಯೊಂದು ಪ್ರದೇಶಕ್ಕೂ ಪ್ರತ್ಯೇಕವಾಗಿ ಕಟ್ಟಬೇಕು. ಅರಿಜೋನದ ಬರಕ್ಕೂ ಎಸೆಕ್ಸಿನ ಮಳೆಗೂ ಯಾವ ಸಂಬಂಧವೂ ಇಲ್ಲ. ಅರಿಜೋನದ ಒಣನೆಲದಲ್ಲಿ ನೀರೊಂದೇ ಬೆಳವಣಿಗೆಯನ್ನು ಆಳುವುದರಿಂದ ವಲಯಗಳ ಅಗಲದಲ್ಲಿ ಎದ್ದುಕಾಣುವ ಏರಿಳಿತವಿರುತ್ತದೆ. ಇಂಗ್ಲೆಂಡಿನ ತಂಪು ನಾಡಿನಲ್ಲಿ ಏರಿಳಿತವು ಸೌಮ್ಯ, ಹೊಂದಾಣಿಕೆಯನ್ನು ಗುರುತಿಸುವುದು ಕಷ್ಟ. ೧೯೬೦ರಲ್ಲಿ ಸ್ಯಾಕ್ಸನ್ ಕಾಲದವರೆಗೆ ಮುಟ್ಟುವ ಓಕ್ ಮರದ ಸರಪಣಿ ಇಂಗ್ಲೆಂಡಿನಲ್ಲಿ ಸಿದ್ಧವಾಗಿರಲಿಲ್ಲ. ಅಂತಹ ಸರಪಣಿಗಳನ್ನು ಕಟ್ಟುವ ಕೆಲಸವು ಬ್ರಿಟನ್ ಮತ್ತು ಐರ್ಲೆಂಡುಗಳಲ್ಲಿ ಭರದಿಂದ ನಡೆದುದು ೧೯೭೦ರ ದಶಕದಲ್ಲಿ ಮತ್ತು ಅನಂತರದಲ್ಲಿ. ಬೆಲ್‌ಫಾಸ್ಟ್ ನಗರದ ಕ್ವೀನ್ಸ್ ವಿಶ್ವವಿದ್ಯಾನಿಲಯದ ಬೇಲಿ ಮತ್ತು ಪಿಲ್ಚರ್ ಎಂಬವರೂ ಅವರ ಸಹೋದ್ಯೋಗಿಗಳೂ ಜೌಗುನೆಲದಲ್ಲಿ ಹೂತುಹೋಗಿದ್ದ ಓಕ್ ದಿಮ್ಮಿಗಳನ್ನೂ ಸೇರಿಸಿಕೊಂಡು, ೧೯೮೪ರ ಹೊತ್ತಿಗೆ ೭,೦೦೦ ವರ್ಷಗಳಿಗೂ ಮೀರಿದ ಅಖಂಡ ಸರಪಣಿಯನ್ನು ಸಿದ್ಧಗೊಳಿಸಿದರು.

ಇಲ್ಲೊಂದು ಸೂಕ್ಷ್ಮವಿದೆ. ಅಗಲ-ಕಿರಿದಿನ ಎರಡು ಸಾಲುಗಳನ್ನು ಒಂದರ ಮೇಲೊಂದಿಟ್ಟು ಒಂದೊಂದು ವರ್ಷದಂತೆ ಸರಿಸುತ್ತ ಹೋದರೆ, ನೂರಾರು ಸ್ಥಾನಗಳಲ್ಲಿ ಎಲ್ಲಾದರೂ ಒಂದೆಡೆ ಅವು ಚೆನ್ನಾಗಿಯೇ ಹೊಂದಿದಂತೆ ತೋರುವುದು ಸಂಭವನೀಯ. ಸಾಲು ಚಿಕ್ಕದಾದಷ್ಟೂ ಈ ಭ್ರಾಂತಿ ಹೆಚ್ಚು. ಕಣ್ಣಿನಿಂದ ನೋಡಿ ನಿರ್ಣಯಿಸುವವನು, ತನಗೆ ಬೇಕಾದ ಕಡೆ ಹೊಂದಿಕೆಯನ್ನು ಕಾಣುವ ಮನುಷ್ಯಸಹಜ ದೌರ್ಬಲ್ಯಕ್ಕೂ ಈಡಾಗಬಹುದು. ಆದುದರಿಂದ ಈಗ ಪ್ರತಿಯೊಂದು ವಲಯದ ಅಗಲವನ್ನೂ ಸೂಕ್ಷ್ಮದರ್ಶಕದ ಕೆಳಗೆ ಮಿಲಿಮೀಟರಿನ ನೂರನೆಯ ಒಂದು ಭಾಗದಷ್ಟು ನಿಖರವಾಗಿ ಅಳೆದು, ಎಲ್ಲ ಸ್ಥಾನಗಳಲ್ಲಿಯೂ ಹೊಂದಿಕೆಯ ಪ್ರಮಾಣವನ್ನು ಗಣಕಯಂತ್ರದಿಂದ ಲೆಕ್ಕ ಮಾಡಿಸುತ್ತಾರೆ. ಆ ಹೊಂದಿಕೆಯು ಕೇವಲ ಆಕಸ್ಮಿಕವಾಗಿರುವ ಸಂಭವ ಎಷ್ಟೆಂದು ಸೂಚಿಸುವ 'ಟಿ' ಎಂಬ ಸಂಖ್ಯೆಯೊಂದನ್ನು ಸಂಖ್ಯಾಶಾಸ್ತ್ರಜ್ಞರು ಕೊಟ್ಟಿದ್ದಾರೆ. ಅದು ೩.೫ನ್ನು ಮುಟ್ಟದಿದ್ದರೆ ಆ ಹೊಂದಿಕೆಯನ್ನು ವಿಚಾರಕ್ಕೇ ತೆಗೆದುಕೊಳ್ಳುವುದಿಲ್ಲ. ಮೀರಿದರೂ ಬೇರೆ ಬೇರೆ ಊರುಗಳ ಸರಪಣಿಗಳು ಅದೇ ಇಸವಿಯನ್ನು ಹೇಳಬೇಕೆಂದು ಕೇಳುತ್ತಾರೆ. ೧೯೬೦ಕ್ಕೂ ೧೯೯೫ಕ್ಕೂ ನಡುವೆ ಬದಲಾದುದು ಮರವಲ್ಲ. ಹೋಲಿಸಲು ಬೇಕಾದ ಅಳತೆಗೋಲು ಮೊದಲು ಇರಲಿಲ್ಲ, ಆಮೇಲೆ ದೊರೆಯಿತು.

ಹಾಗಾದರೆ ೧೦೫೩ ಎಂಬ ಖಚಿತವಾದ ಇಸವಿ ಸಿಕ್ಕ ಮೇಲೂ ೧೦೬೩ರಿಂದ ೧೧೦೮ರವರೆಗೆ ಎಂಬ ಸಂದಿಗ್ಧವೇಕೆ? ಓಕ್ ಮರದ ಒಳಭಾಗ ಚೇಗು. ಅದು ಕಂದು ಬಣ್ಣದ, ಟ್ಯಾನಿನ್ ಎಂಬ ಒಗರು ದ್ರವ್ಯದಿಂದ ತುಂಬಿದ, ಹುಳುಗಳಿಗೂ ಶಿಲೀಂಧ್ರಗಳಿಗೂ ಸುಲಭವಾಗಿ ಬಗ್ಗದ ಮರ. ಗ್ರೀನ್‌ಸ್ಟೆಡ್ಡಿನ ಗೋಡೆ ಒಂಬೈನೂರು ವರ್ಷಗಳಿಗೂ ಮಿಕ್ಕು ನಿಂತಿರುವುದು ಈ ಚೇಗಿನ ಬಲದಿಂದ. ಚೇಗಿಗೂ ತೊಗಟೆಗೂ ನಡುವೆ ಬೆಳ್ಳಗಿನ ಪಟ್ಟಿಯೊಂದಿರುತ್ತದೆ. ಬದುಕಿರುವ ಮರದಲ್ಲಿ ರಸವು ಹರಿಯುವುದು ಇದರಲ್ಲಿಯೇ, ಇದನ್ನು ಹೊರಮರವೆನ್ನೋಣ. ಇದು ಮೃದು, ಹುಳುಗಳಿಗೆ ಇದೇ ಇಷ್ಟ. ಬಡಗಿಯು ಬಾಚಿಯಿಂದ ಕೆತ್ತಿ ತೆಗೆಯದಿದ್ದರೂ ಕಾಲವು ಇದನ್ನು ತಿಂದುಬಿಡುತ್ತದೆ. ಹೊರಮರದೊಡನೆ ಅದರ ವಲಯಗಳೂ ಹೋದವು, ಅಂದರೆ ಮರದ ಬಾಳಿನ ಕೊನೆಯ ವರ್ಷಗಳೇ ಹೋದವು. ದಾಖಲೆ ಪುಸ್ತಕದ ಕೊನೆಯ ಹಾಳೆಗಳನ್ನು ಗೆದ್ದಲು ತಿಂದಂತೆ.

ಆ ಹಾಳೆಗಳು ಎಷ್ಟಿದ್ದಿರಬಹುದು? ಹೊರಮರವು ಪೂರ್ತಿಯಾಗಿ ಉಳಿದಿರುವ ಅನೇಕ ಬ್ರಿಟಿಷ್ ಓಕ್ ಮರಗಳಲ್ಲಿ ಅದರ ವಲಯಗಳನ್ನು ಎಣಿಸಿ, ನೂರಕ್ಕೆ ೯೫ರಷ್ಟು ಮರಗಳಲ್ಲಿ ಆ ಸಂಖ್ಯೆ ೧೦ಕ್ಕೂ ೫೫ಕ್ಕೂ ನಡುವೆ ಇರುತ್ತದೆಂದು ಕಂಡುಕೊಂಡಿದ್ದಾರೆ. ೧೦೫೩ಕ್ಕೆ ೧೦ ಕೂಡಿಸಿದರೆ ೧೦೬೩. ೫೫ ಕೂಡಿಸಿದರೆ ೧೧೦೮. ಲೆಕ್ಕ ಇಷ್ಟೇ. ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಯು ಉತ್ತರದೊಡನೆ ದೋಷಪ್ರಮಾಣವನ್ನು ಬರೆಯದಿದ್ದರೆ ನಾವು ಅಂಕ ಕಳೆಯುತ್ತೇವೆ. ೮೪೫ ಎಂಬುದು ಕೇಳಲು ಸೊಗಸಾದ ಸಂಖ್ಯೆ. ಆದರೆ ೪೫ ವರ್ಷಗಳ ಸಂದೇಹವನ್ನು ಬಾಯಿಬಿಟ್ಟು ಹೇಳುವ ಎರಡನೆಯ ಉತ್ತರವೇ ನನಗೆ ಹೆಚ್ಚು ಪ್ರಿಯ.

ಮರ ಕಡಿದ ವರ್ಷವೇ ಕಟ್ಟಡದ ವರ್ಷವೇ ಎಂದು ಕೇಳಬಹುದು. ಜಪಾನಿನ ಹೋರ್ಯೂಜಿ ಬೌದ್ಧವಿಹಾರದ ಐದಂತಸ್ತಿನ ಗೋಪುರವು ಗ್ರೀನ್‌ಸ್ಟೆಡ್ಡಿಗಿಂತ ಬಹಳ ಪ್ರಾಚೀನವಾದ ಮರದ ಕಟ್ಟಡ. ಅದರ ನಡುಗಂಬದಲ್ಲಿ ತೊಗಟೆಯವರೆಗಿನ ವಲಯಗಳು ಉಳಿದಿದ್ದುದರಿಂದ ಅದನ್ನು ೫೯೪ರಲ್ಲಿ ಕಡಿದರೆಂದು ೨೦೦೧ರಲ್ಲಿ ಪ್ರಕಟವಾಯಿತು. ವಿಹಾರವು ೬೭೦ರಲ್ಲಿ ಬೆಂಕಿಗೆ ಆಹುತಿಯಾಗಿ ಪುನಃ ನಿರ್ಮಾಣವಾಯಿತೆಂಬ ಚರಿತ್ರೆಯೊಡನೆ ಇದನ್ನು ಹೊಂದಿಸುವುದು ವಿದ್ವಾಂಸರಿಗೆ ಒಗಟಾಯಿತು. ಇಂಗ್ಲೆಂಡಿನ ಓಕ್ ಮರದ ವಿಷಯದಲ್ಲಿ ಈ ತೊಡಕು ಕಡಿಮೆ. ಒಣಗಿದ ಓಕ್ ಮರ ಕಬ್ಬಿಣದಂತೆ ಗಡುಸಾಗುವುದರಿಂದ ಅಲ್ಲಿನ ಬಡಗಿಗಳು ಹಸಿಯಾಗಿರುವಾಗಲೇ ಅದನ್ನು ಸೀಳಿ ಕೆಲಸಕ್ಕೆ ತೊಡಗಿಸುತ್ತಿದ್ದರು. ಕಡಿದ ವರ್ಷಕ್ಕೂ ಕಟ್ಟಿದ ವರ್ಷಕ್ಕೂ ಹೆಚ್ಚು ಅಂತರವಿರಲಿಲ್ಲ.

ಈ ಹೊಸ ಕಾಲಾವಧಿಯು ಚರಿತ್ರಕಾರರನ್ನು ಇಕ್ಕಟ್ಟಿಗೆ ಸಿಲುಕಿಸುವಂತಹುದು. ೧೦೬೬ ಅದರ ಒಳಗೇ ಬಿದ್ದಿದೆ. ಗೋಡೆಯನ್ನು ಎಬ್ಬಿಸಿದವನು ಹೇಸ್ಟಿಂಗ್ಸಿನ ಸೋಲನ್ನು ಇನ್ನೂ ಕಾಣದಿದ್ದ ಸ್ಯಾಕ್ಸನ್ ಒಡೆಯನೇ, ಸಮುದ್ರ ದಾಟಿ ಬಂದ ನಾರ್ಮನ್ ಒಡೆಯನೇ ಎಂದು ಮರ ಹೇಳದು. ಕಾಲಾವಧಿಯ ಬಹುಭಾಗ ೧೦೬೬ರ ಈಚೆಗೆ ಬೀಳುವುದರಿಂದ, ನಾರ್ಮನ್ ಆಳ್ವಿಕೆಯಲ್ಲಿಯೇ ಎದ್ದಿರುವ ಸಂಭವ ಹೆಚ್ಚು. ಹಾಗಿದ್ದರೂ ಕೈಕೆಲಸ ಮಾತ್ರ ಹಳೆಯ ಸಂಪ್ರದಾಯದ್ದೇ. ದೊರೆ ಬದಲಾದನೆಂದು ಹಳ್ಳಿಯ ಬಡಗಿಯ ಬಾಚಿ ಒಮ್ಮೆಲೇ ಬದಲಾಗುವುದಿಲ್ಲ. ಆದುದರಿಂದ 'ಸ್ಯಾಕ್ಸನ್ ಚರ್ಚು' ಎಂಬ ಬಿರುದನ್ನು ಪೂರ್ತಿಯಾಗಿ ಕಿತ್ತುಕೊಳ್ಳುವ ಅಗತ್ಯವಿಲ್ಲವೆಂದು ನನ್ನ ಅಭಿಪ್ರಾಯ. ಅದು ರಾಜವಂಶಕ್ಕಲ್ಲ, ಕಸಬಿಗೆ ಸಲ್ಲುವ ಬಿರುದು ಎಂದು ತಿಳಿದರೆ ಸಾಕು.

ಇನ್ನು ಸಂತ ಎಡ್ಮಂಡನ ಮಾತು. ೧೦೬೩ಕ್ಕಿಂತ ಮೊದಲು ಕಾಡಿನಲ್ಲಿ ಚಿಗುರುತ್ತಿದ್ದ ಮರಗಳು ೧೦೧೩ರಲ್ಲಿ ಅವನ ದೇಹಕ್ಕೆ ಗೋಡೆಯಾಗಿ ನಿಂತಿರಲಾರವು. ಇಂದು ಕಾಣುವ ೫೧ ದಿಮ್ಮಿಗಳು ಆ ರಾತ್ರಿಯನ್ನು ಕಂಡಿಲ್ಲವೆಂಬುದು ನಿಶ್ಚಯ. ಆದರೆ ಇದರಿಂದ ಐತಿಹ್ಯವೇ ಸುಳ್ಳಾಯಿತೆಂದು ಹೇಳಲಾಗದು. ೮೪೫ ಎಂಬ ಉತ್ತರ ಬಂದ ೧೯೬೦ರಲ್ಲಿಯೇ ಇಟ್ಟಿಗೆಯ ಪೂರ್ವಭಾಗದ ನೆಲವನ್ನು ಅಗೆದು ನೋಡಿದಾಗ, ಇನ್ನೂ ಹಿಂದಿನ ಎರಡು ಚಿಕ್ಕ ಮರದ ಕಟ್ಟಡಗಳ ಗುರುತುಗಳು ಕಂಡುಬಂದಿದ್ದವು. ಅವು ಆರು-ಏಳನೆಯ ಶತಮಾನದವೆಂದು ಹಲವರು ಬರೆದಿದ್ದಾರೆ. ಹೆಣಹೊತ್ತ ಭಕ್ತರು ಬಂದು ತಂಗಿದುದು ಅಂತಹದೊಂದು ಗುಡಿಯಲ್ಲಿದ್ದಿರಬಹುದು. ಹಸ್ತಪ್ರತಿಯು ಹೇಳುವ ಸ್ಮಾರಕ ಗುಡಿ, ಆ ನೆನಪು ಇನ್ನೂ ಹಸಿಯಾಗಿದ್ದ ಅರ್ಧ ಶತಮಾನದ ಮೇಲೆ ಅಲ್ಲಿಯೇ ಎದ್ದ ಈಗಿನ ಕಟ್ಟಡವೇ ಆಗಿರಬಹುದು. ವೃಕ್ಷವಲಯಗಳು ಇದನ್ನು ಸಾಧಿಸಿ ಕೊಡಲಾರವು, ಅಲ್ಲಗಳೆಯಲೂ ಆರವು. ನೆಲದಲ್ಲಿ ಉಳಿದಿರುವುದು ಕಂಬ ನಿಂತಿದ್ದ ಗುರುತು ಮಾತ್ರ. ವಲಯಗಳನ್ನು ಎಣಿಸಲು ಅಲ್ಲಿ ಮರವಿಲ್ಲ.